ಮುಂಬೈಯಲ್ಲಿ ಓದಿದ ಮಕ್ಕಳು ಕರ್ನಾಟಕ ಸಿಇಟಿ ಬರೆಯಬೇಕೆ? ನಿರ್ಧರಿಸುವ ಬಗೆ

ಪ್ರತಿವರ್ಷ ಜನವರಿ ಬಂತೆಂದರೆ ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಮಗ ಹನ್ನೆರಡನೆಯಲ್ಲಿದ್ದಾನೆ, ಊರಿನ ಸಿಇಟಿಗೂ ಒಂದು ಅರ್ಜಿ ಹಾಕಿಬಿಡೋಣವೇ?" ಹಾಕಿಬಿಡುವುದು ಸುಲಭ. ಆದರೆ ಆ ಪರೀಕ್ಷೆಗೆ ತೆರಬೇಕಾದ ನಿಜವಾದ ಬೆಲೆ ಅರ್ಜಿಯ ಶುಲ್ಕವಲ್ಲ, ಮಗುವಿನ ಏಪ್ರಿಲ್ ತಿಂಗಳು. ಇಲ್ಲಿ ಎಂಜಿನಿಯರಿಂಗ್ ಬಯಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ವೈದ್ಯಕೀಯಕ್ಕೆ ನೀಟ್ ಬಿಟ್ಟರೆ ಬೇರೆ ದಾರಿಯಿಲ್ಲವಾದ್ದರಿಂದ ಅಲ್ಲಿ ಇಂಥ ಆಯ್ಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ.

ಮೊದಲು ಪರೀಕ್ಷೆಯನ್ನು ಮರೆತು ಕಾಲೇಜಿನ ಕಡೆಯಿಂದ ಯೋಚಿಸಿ. ಸೀಟು ಸಿಕ್ಕರೆ ನಿಜವಾಗಿಯೂ ಕಳುಹಿಸುವಂಥ ಐದಾರು ಕಾಲೇಜುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಅಲ್ಲಿನ ಸೀಟು ಯಾವ ಪರೀಕ್ಷೆಯ ಮೇಲೆ ಹಂಚಿಕೆಯಾಗುತ್ತದೆ ಎಂಬುದನ್ನು ಗುರುತಿಸಿ. ಮಾಟುಂಗದ ವಿಜೆಟಿಐ, ಪುಣೆಯ ಸಿಒಇಪಿಗಳ ಎದುರು ಮಹಾರಾಷ್ಟ್ರದ ಸಿಇಟಿಯಾದ ಎಂಎಚ್‌ಟಿ-ಸಿಇಟಿ ಬರುತ್ತದೆ, ಪೊವಾಯಿಯ ಐಐಟಿಯ ಎದುರು ರಾಷ್ಟ್ರಮಟ್ಟದ ಜೆಇಇ ಮೇನ್ ದಾಟಿದ ನಂತರದ ಅಡ್ವಾನ್ಸ್ಡ್, ಬೆಂಗಳೂರಿನ ಆರ್.ವಿ., ಬಿಎಂಎಸ್ ಎಂಜಿನಿಯರಿಂಗ್ ಕಾಲೇಜುಗಳ ಎದುರು ಕರ್ನಾಟಕ ಸಿಇಟಿ ಮತ್ತು ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆ) ಎರಡೂ. ಎರಡು ಕಾಲೇಜುಗಳ ಎದುರಾದರೂ ಕಾಣಿಸಿಕೊಳ್ಳದ ಪರೀಕ್ಷೆಯನ್ನು ಕೈಬಿಡುವುದು ಲೇಸೆಂಬುದು ನನ್ನ ಅಭಿಪ್ರಾಯ.

ಈ ಹಾಳೆಯಲ್ಲಿ ನಮ್ಮವರು ಹೆಚ್ಚಾಗಿ ತಪ್ಪುವುದು ಸುರತ್ಕಲ್ಲಿನ ಕೇಂದ್ರೀಯ ಎಂಜಿನಿಯರಿಂಗ್ ಸಂಸ್ಥೆಯಾದ ಎನ್‌ಐಟಿಯ ವಿಷಯದಲ್ಲಿ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟುಗಳು ಆಯಾ ರಾಜ್ಯದವರಿಗೆ ಮೀಸಲು ಎಂದು ಕೇಳಿದವರು, ತಮ್ಮ ಮೂಲ ಊರು ಉಡುಪಿಯೋ ಕುಂದಾಪುರವೋ ಆಗಿರುವುದರಿಂದ ಅವು ತಮಗೂ ಸಲ್ಲುತ್ತವೆ ಎಂದುಕೊಳ್ಳುತ್ತಾರೆ. ಆದರೆ ಅಲ್ಲಿ ಸ್ವರಾಜ್ಯ (ಹೋಮ್ ಸ್ಟೇಟ್) ಯಾವುದೆಂದು ತೀರ್ಮಾನವಾಗುವುದು ಹನ್ನೆರಡನೆಯ ತರಗತಿಯನ್ನು ಎಲ್ಲಿ ತೇರ್ಗಡೆಯಾದರು ಎಂಬುದರಿಂದ. ಅಜ್ಜನ ಮನೆ ಎಲ್ಲಿದೆ ಎಂಬುದರಿಂದಲ್ಲ. ಮುಂಬೈಯಲ್ಲಿ ಹನ್ನೆರಡನೆಯದನ್ನು ಮುಗಿಸಿದವರಿಗೆ ಸ್ವರಾಜ್ಯದ ಎನ್‌ಐಟಿ ಎಂದರೆ ನಾಗಪುರದ್ದು. ಸುರತ್ಕಲ್ಲಿನಲ್ಲಿ ಅವರು ಹೊರರಾಜ್ಯದವರ ಸಾಲಿನಲ್ಲೇ ನಿಲ್ಲಬೇಕು. ಕರ್ನಾಟಕ ಸಿಇಟಿಗೂ ಈ ಸೀಟುಗಳಿಗೂ ಸಂಬಂಧವೇ ಇಲ್ಲ.

ಇನ್ನು ಸಿಇಟಿಗೆ ಬರೋಣ. ಸರ್ಕಾರಿ ಕೋಟಾದ ಸೀಟಿಗೆ ಮುಖ್ಯ ದಾರಿಯಿರುವುದು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದವರಿಗೆ. ಮುಂಬೈಯಲ್ಲೇ ಹುಟ್ಟಿ ಇಲ್ಲೇ ಓದಿದ, ಕನ್ನಡವೋ ತುಳುವೋ ಕೊಡವವೋ ಮನೆಮಾತಾಗಿರುವ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡು ಕನ್ನಡಿಗರು ಎಂಬ ಬೇರೊಂದು ವರ್ಗವನ್ನು ಇಟ್ಟಿದೆ. ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆಯಂಥ ತಾಲ್ಲೂಕುಗಳವರಿಗೆ ಗಡಿನಾಡು ಕನ್ನಡಿಗರ ವರ್ಗವಿದೆ. ಯಾವ ದಾಖಲೆ ಬೇಕೆಂಬುದನ್ನು ಪಕ್ಕದ ಮನೆಯವರನ್ನು ಕೇಳದೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ಓದಿಕೊಳ್ಳಿ.

ಈ ವರ್ಗಗಳಲ್ಲಿ ಅರ್ಜಿ ಹಾಕಿದವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆದು ಕನಿಷ್ಠ 12 ಅಂಕ ಪಡೆಯಬೇಕು. ಮಟ್ಟ ನಾಲ್ಕನೆಯ ತರಗತಿಯದು ಎಂದು ಕೇಳಿ ನಕ್ಕುಬಿಡುವವರೇ ಹೆಚ್ಚು. ನಮ್ಮ ಕಟ್ಟಡದ ಒಬ್ಬ ಹುಡುಗಿಯ ಕೈಗೆ ನಾನು ನಾಲ್ಕನೆಯ ತರಗತಿಯ ಪಠ್ಯಪುಸ್ತಕ ಕೊಟ್ಟು ಒಂದು ಪುಟ ಓದಲು ಹೇಳಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರೊಡನೆ ಮರಾಠಿ. ಕನ್ನಡ ಕೇಳಿದರೆ ಎಲ್ಲವೂ ತಿಳಿಯುತ್ತದೆ. ಓದುವಾಗ ಮಾತ್ರ ‘ಮ’ ಮತ್ತು ‘ವ’ ಅದಲುಬದಲಾಗುತ್ತಿದ್ದವು, ‘ಸ್ವಾತಂತ್ರ್ಯ’ದ ಒತ್ತಕ್ಷರಗಳ ಮುಂದೆ ಬೆರಳು ನಿಂತೇಹೋಯಿತು. ಬರೆಯಲು ಹೇಳಿದಾಗ ದೇವನಾಗರಿಯ ಅಭ್ಯಾಸದಿಂದ ಅಕ್ಷರಗಳ ನೆತ್ತಿಯ ಮೇಲೆ ಉದ್ದಗೆರೆ ಎಳೆದಳು. ದಿನಕ್ಕೆ ಅರ್ಧಗಂಟೆಯಂತೆ ಎರಡು ತಿಂಗಳು ಕೂತರೆ ಸರಿಹೋಗುವ ಸಂಗತಿಯೇ ಇದು. ಆದರೆ ಆ ಅರ್ಧಗಂಟೆ ಎಲ್ಲಿಂದ ಬರುತ್ತದೆ ಎಂಬುದನ್ನು ಅರ್ಜಿಗೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ತೂಕದ ವಿಷಯವೆಂದರೆ ಹನ್ನೆರಡನೆಯ ತರಗತಿಯ ಅಂಕಗಳು. ಎಂಎಚ್‌ಟಿ-ಸಿಇಟಿಯಲ್ಲಿ ಅವು ಮುಖ್ಯವಾಗಿ ಅರ್ಹತೆಗೆ ಬೇಕಾಗುತ್ತವೆ, ಸೀಟಿನ ಸರದಿ ನಿಲ್ಲುವುದು ಪರ್ಸೆಂಟೈಲ್ (ಬರೆದವರಲ್ಲಿ ಶೇಕಡಾ ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂಬ ಲೆಕ್ಕ) ಮೇಲೆ. ಆದ್ದರಿಂದಲೇ ಇಲ್ಲಿನ ಎಷ್ಟೋ ಕೋಚಿಂಗ್ ತರಗತಿಗಳಲ್ಲಿ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ಕಾಣುವ ರೂಢಿ ಬೆಳೆದಿದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಬೋರ್ಡ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಲೆಕ್ಕ ಹಾಕಿ ನೋಡಿ: ಬೋರ್ಡಿನಲ್ಲಿ ಶೇ 62 ಪಡೆದು ಸಿಇಟಿಯಲ್ಲಿ 180ಕ್ಕೆ 140, ಅಂದರೆ ಸುಮಾರು ಶೇ 78 ಗಳಿಸಿದವನ ಸರಾಸರಿ ಸುಮಾರು 70, ಬೋರ್ಡಿನಲ್ಲಿ ಶೇ 92 ಇದ್ದು ಸಿಇಟಿಯಲ್ಲಿ ಬರೀ 100 ಗಳಿಸಿದವಳ ಸರಾಸರಿ ಸುಮಾರು 74. ಪರೀಕ್ಷೆಯಲ್ಲಿ 40 ಅಂಕ ಹಿಂದಿದ್ದವಳು ರ‍್ಯಾಂಕಿನಲ್ಲಿ ಮುಂದೆ ಹೋದಳು. ಹಾಗಾಗಿ ಬೋರ್ಡನ್ನು ಗಂಭೀರವಾಗಿ ಓದುತ್ತಿರುವ ಮಗುವಿಗೆ ಊರಿನ ಸಿಇಟಿ ಒಳ್ಳೆಯ ಪಂದ್ಯ. ಬೋರ್ಡನ್ನು ಬದಿಗಿಟ್ಟವನಿಗೆ ಅಲ್ಲ.

ದಿನಾಂಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 2025ರಲ್ಲಿ ಕರ್ನಾಟಕ ಸಿಇಟಿ ಏಪ್ರಿಲ್ 16 ಮತ್ತು 17ರಂದು ನಡೆಯಿತು. ಗಣಿತ ಗುಂಪಿನ ಎಂಎಚ್‌ಟಿ-ಸಿಇಟಿ ಅದೇ ತಿಂಗಳ 19ರಂದು ಶುರುವಾಯಿತು. ಬೆಂಗಳೂರಿನಲ್ಲಿ ಪರೀಕ್ಷೆ ಮುಗಿಸಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ ತಲುಪುವಷ್ಟರಲ್ಲಿ ಸರಿಸುಮಾರು ಒಂದು ಹಗಲು ಒಂದು ರಾತ್ರಿ ಕಳೆದಿರುತ್ತದೆ. ಜೊತೆಗೆ ಕರ್ನಾಟಕದ್ದು ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ಉತ್ತರದ ವೃತ್ತ ತುಂಬುವ ಪರೀಕ್ಷೆ, ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಮಹಾರಾಷ್ಟ್ರದ್ದು ಕಂಪ್ಯೂಟರ್ ಮುಂದೆ ಕೂತು ಬರೆಯುವಂಥದ್ದು. ಎರಡರಲ್ಲೂ ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂಬುದೊಂದೇ ಸಮಾಧಾನ.

ಬೆಂಗಳೂರೇ ಬೇಕು, ಶುಲ್ಕ ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ ಎನ್ನುವವರಿಗೆ ಕಾಮೆಡ್-ಕೆಯೇ ಸರಳವಾದ ದಾರಿ ಎಂದು ನಾನು ಹೇಳುತ್ತೇನೆ. ಅಲ್ಲಿ ಹೊರರಾಜ್ಯದವರಿಗೂ ಅವಕಾಶವಿದೆ, ಭಾಷಾ ಪರೀಕ್ಷೆಯಿಲ್ಲ, ಕೇಂದ್ರಗಳು ಬೇರೆ ರಾಜ್ಯಗಳ ನಗರಗಳಲ್ಲೂ ಇರುತ್ತವೆ. ವಾಣಿಜ್ಯದ ಮಕ್ಕಳಿಗೆ ಒಂದು ಮಾತು: ಮಹಾರಾಷ್ಟ್ರದಲ್ಲಿ ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ), ಬಿಬಿಎ, ಬಿಸಿಎ ಕೋರ್ಸುಗಳಿಗೆ 2024ರಿಂದ ಪ್ರತ್ಯೇಕ ಸಿಇಟಿ ಬಂದಿದೆ, ಬರೀ ಬಿಕಾಂ ಸಾಕೆನ್ನುವವರು ಅದರ ಗೊಡವೆಗೆ ಹೋಗಬೇಕಾಗಿಲ್ಲ.

ಇಷ್ಟಾದ ಮೇಲೂ ಮನಸ್ಸು ಡೋಲಾಯಮಾನವಾಗಿದ್ದರೆ, ಒಂದು ಭಾನುವಾರ ಹಳೆಯ ಸಿಇಟಿ ಗಣಿತ ಪತ್ರಿಕೆಯನ್ನು ಗಡಿಯಾರ ಇಟ್ಟು 80 ನಿಮಿಷ ಬರೆಸಿ. ಬಂದ ಅಂಕದ ಶೇಕಡಾವಾರಿನ ಜೊತೆಗೆ ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯ ಶೇಕಡಾವಾರು ಅಂಕವನ್ನು ಸೇರಿಸಿ ಸರಾಸರಿ ತೆಗೆಯಿರಿ. ಅಷ್ಟು ಸರಾಸರಿಗೆ ಎಷ್ಟನೆಯ ರ‍್ಯಾಂಕು ಬರಬಹುದೆಂದು ಹಿಂದಿನ ವರ್ಷ ಬರೆದವರ ಅಂಕ ಮತ್ತು ರ‍್ಯಾಂಕುಗಳನ್ನು ಕೇಳಿ ಅಂದಾಜು ಮಾಡಿ, ಹಾಳೆಯಲ್ಲಿ ಬರೆದ ಕಾಲೇಜುಗಳಲ್ಲಿ ಸೀಟು ಯಾವ ರ‍್ಯಾಂಕಿಗೆ ಮುಗಿದಿತ್ತು ಎಂಬುದನ್ನು ಪ್ರಾಧಿಕಾರದ ಕಟ್-ಆಫ್ ಪಟ್ಟಿಯಲ್ಲಿ ಪಕ್ಕಕ್ಕಿಟ್ಟು ನೋಡಿ. ಹತ್ತಿರಕ್ಕೂ ಬರದಿದ್ದರೆ ಟಿಕೆಟ್ ಬುಕ್ ಮಾಡುವ ಅಗತ್ಯವಿಲ್ಲ. ಬಂದರೆ, ಅಂದು ಸಂಜೆಯೇ ನಾಲ್ಕನೆಯ ತರಗತಿಯ ಕನ್ನಡ ಪುಸ್ತಕವನ್ನು ತೆರೆದು ಕೂಡಿಸಿ.