ಹಳೇ ಎಸ್‌ಯುವಿ ಕೊಳ್ತೀರಾ? ಮೊದಲು ಅದರ ಹೊಟ್ಟೆ ನೋಡಿ

ತೋಟಕ್ಕೆ ಮಣ್ಣು ದಾರಿ, ಪೇಟೆಗೆ ಘಟ್ಟದ ದಾರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೊಲೆರೊ, ಸ್ಕಾರ್ಪಿಯೊದಂಥ ಎತ್ತರದ ಗಾಡಿ ಬಹಳ ಮನೆಗಳಿಗೆ ಬೇಕೇ ಬೇಕು. ಹೊಸದು ಕೈಗೆಟುಕದಿದ್ದರೆ ಹತ್ತು, ಹನ್ನೆರಡು ವರ್ಷದ ಗಾಡಿಯ ಮೇಲೆ ಕಣ್ಣು ಹೋಗುತ್ತದೆ. ಧೈರ್ಯವಾಗಿ ಕೊಳ್ಳಬಹುದು. ಆದರೆ ನೋಡುವ ಕ್ರಮ ಬದಲಿಸಿ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಗಾಡಿಯ ಭಾರ ಹೊರುವ ಅಡಿಯ ಚೌಕಟ್ಟು, ಅಂದರೆ ಚಾಸಿಯನ್ನೇ ತುಕ್ಕು ತಿಂದಿದ್ದರೆ ಎಷ್ಟು ದುಡ್ಡು ಸುರಿದರೂ ನಂಬಿ ಓಡಿಸಲು ಆಗುವುದಿಲ್ಲ.

ಗಾಡಿ ಇಷ್ಟು ವರ್ಷ ಎಲ್ಲಿ ನಿಲ್ಲುತ್ತಿತ್ತು? ಇದನ್ನು ಮೊದಲು ಕೇಳಿ. ಕಾರವಾರ, ಹೊನ್ನಾವರದಲ್ಲಿ ಕಡಲಿಗೆ ಹತ್ತಿರ, ಶೆಡ್ ಇಲ್ಲದೆ ನಿಂತಿದ್ದರೆ ಉಪ್ಪು ಗಾಳಿ ತನ್ನ ಕೆಲಸ ಮಾಡಿರುತ್ತದೆ. ಶಿರಸಿಯ ಗಾಡಿ ಎಂದು ನಿಶ್ಚಿಂತೆಯಿಂದ ಇರಬೇಡಿ. ಮಳೆಗಾಲವಿಡೀ ಅಡಿಯಲ್ಲಿ ಹಸಿ ಮಣ್ಣು ಮೆತ್ತಿಕೊಂಡಿದ್ದರೆ ಅಲ್ಲೂ ತುಕ್ಕು ಬರುತ್ತದೆ.

ಆಮೇಲೆ ಸರ್ವಿಸ್ ಸ್ಟೇಷನ್ನಿಗೆ ಒಯ್ದು ಗಾಡಿ ಮೇಲೆತ್ತಿಸಿ. ಮಾಲೀಕರು ಬೇಡ ಎಂದರೆ ಅಲ್ಲಿಗೇ ಬಿಡಿ. ಟಾರ್ಚ್ ಹಿಡಿದು ಚಾಸಿಯ ಉದ್ದಕ್ಕೂ ನೋಡಿ. ಹಿಂದಿನ ಪಟ್ಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಜಾಗ, ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು, ಬ್ರೇಕ್ ಪೈಪು, ಸ್ಟೆಪ್ನಿ ತೂಗುವ ಜಾಗ ಬಿಡಬೇಡಿ. ಮೇಲ್ಮೈ ಕೆಂಪಗಾಗಿದ್ದರೆ ಚಿಂತೆಯಿಲ್ಲ, ಉಜ್ಜಿ ಬಣ್ಣ ಹೊಡೆಸಬಹುದು. ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿದಾಗ ಪದರ ಪದರವಾಗಿ ಉದುರಿದರೆ ಅಥವಾ ತೂತು ಬಿದ್ದರೆ ಬೇಡವೇ ಬೇಡ. ಹಳೇ ಗಾಡಿಗೆ ಮೊನ್ನೆ ಮೊನ್ನೆ ಅಡಿಗೆ ಕಪ್ಪಗೆ ಅಂಡರ್ ಕೋಟಿಂಗ್ ಹೊಡೆಸಿದ್ದರೆ, ತುಕ್ಕು ಮುಚ್ಚಿದ್ದಾರೋ ಏನೋ ಎಂದು ನನಗಂತೂ ಅನುಮಾನವೇ.

ನೆರೆ ನೀರು ಹೊಕ್ಕ ಗಾಡಿಯೂ ಮಾರಾಟಕ್ಕೆ ಬರಬಹುದು. 2019ರ ಆಗಸ್ಟ್‌ನಲ್ಲಿ ಅಂಕೋಲಾ ಕಡೆ ಗಂಗಾವಳಿ ನದಿ ಉಕ್ಕಿದ್ದು ನೆನಪಿದೆಯಲ್ವಾ? ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೀರು ಹೊಕ್ಕಿದ್ದರೆ ಕೆಸರಿನ ಕಲೆ ಅಲ್ಲಿ ಉಳಿದಿರಬಹುದು. ಮ್ಯಾಟ್ ಎತ್ತಿ ಮೂಸಿ ನೋಡಿ.

ಎಂಜಿನ್ ನೋಡಲು ಬೆಳಿಗ್ಗೆಯೇ ಹೋಗಿ. ನೀವು ಬರುವ ಮುಂಚೆ ಚಾಲೂ ಮಾಡಬೇಡಿ ಎಂದು ಹೇಳಿಡಿ. ತಣ್ಣಗಿದ್ದಾಗಲೇ ಅದರ ನಿಜ ಸ್ಥಿತಿ ತಿಳಿಯುವುದು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ.

ಊರೊಳಗೆ ಸುಮ್ನೆ ಒಂದು ಸುತ್ತು ಹೊಡೆದರೆ ಸಾಲದು. ಶಿರಸಿಯವರು ದೇವಿಮನೆ ಘಟ್ಟಕ್ಕೆ, ಕಾರವಾರದವರು ಅಣಶಿ ಘಟ್ಟಕ್ಕೆ ಒಯ್ಯಿರಿ. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹೋಗುತ್ತದೆಯೇ ನೋಡಿ. ಇಳಿಯುವಾಗ ಬ್ರೇಕ್ ಒಂದು ಕಡೆಗೆ ಎಳೆಯಬಾರದು. ಫೋರ್ ವೀಲ್ ಡ್ರೈವ್ ಇದ್ದರೆ ಮಣ್ಣಿನ ಮೇಲೆ ಹಾಕಿ ತೆಗೆದು ನೋಡಿ. ವರ್ಷಗಟ್ಟಲೆ ಬಳಸದೆ ಕಚ್ಚಿಕೊಂಡಿರಬಹುದು. ಟೈರಿನ ವಯಸ್ಸು ಅದರ ಮೇಲೇ ಇದೆ: 2319 ಎಂದಿದ್ದರೆ 2019ರ 23ನೇ ವಾರದ್ದು.

ಕಾಗದಪತ್ರದಲ್ಲಿ ಆರ್‌ಸಿಯ (ನೋಂದಣಿ ಪತ್ರದ) ಅವಧಿ ಮುಖ್ಯ. ನೋಂದಣಿಯಾಗಿ 15 ವರ್ಷವಾದ ಮೇಲೆ ಫಿಟ್‌ನೆಸ್ ತಪಾಸಣೆ ಮಾಡಿಸಿ ಅದನ್ನು ನವೀಕರಿಸಬೇಕು. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಅದನ್ನು ತೆಗೆಸಿಯೇ ದುಡ್ಡು ಕೊಡಿ. ಗೋವಾ ಗಾಡಿ ಅಗ್ಗಕ್ಕೆ ಸಿಕ್ಕಿತು ಎನ್ನುವವರು ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಹೊಸ ನೋಂದಣಿ ಎಲ್ಲ ಕೂಡಿಸಿ ಲೆಕ್ಕ ಹಾಕಿ. ಅಗ್ಗ ಎನ್ನುವುದು ಆಗಲೂ ಉಳಿದರೆ ಸರಿ.

ಕೊನೆಗೆ ಟೈರು, ಕ್ಲಚ್, ಬುಷ್, ಬ್ಯಾಟರಿಯಲ್ಲಿ ಯಾವುದು ಈಗಲೇ ಬದಲಿಸಬೇಕು ಎಂದು ನಿಮ್ಮ ಮೆಕ್ಯಾನಿಕ್‌ನಿಂದ ಬರೆಸಿಕೊಳ್ಳಿ. ಆ ಚೀಟಿ ಮುಂದಿಟ್ಟುಕೊಂಡೇ ಬೆಲೆ ಮಾತಾಡಿ. ಮಾತು ಕುದುರುವವರೆಗೆ ಮುಂಗಡ ಕೊಡಬೇಡಿ.