ಕ್ಯಾಬರ್ನೆ–ಶಿರಾಜ್ ಬ್ಲೆಂಡ್: ನಂದಿ ತಪ್ಪಲಿನ ತೋಟದಿಂದ ಬಾಟಲಿಯವರೆಗೆ

ಕ್ಯಾಬರ್ನೆ ಸೋವಿನ್ಯೋಂ ಎಂಬ ಕಪ್ಪುದ್ರಾಕ್ಷಿಯ ವೈನ್‌ಗೆ ಬಿಗಿಯಾದ ಟ್ಯಾನಿನ್ (ಬಾಯಿ ಒಗರಾಗಿಸುವ ಅಂಶ) ಇರುತ್ತದೆ, ಆದರೆ ನಡುನಾಲಿಗೆಗೆ ಬಂದಾಗ ಟೊಳ್ಳು ಅನಿಸುತ್ತದೆ. ಶಿರಾಜ್ ಎಂಬ ಇನ್ನೊಂದು ಕಪ್ಪುದ್ರಾಕ್ಷಿಯ ಹಣ್ಣಿನ ರುಚಿ, ಕಾಳುಮೆಣಸಿನ ಘಮ ಅಲ್ಲಿ ತುಂಬಿಕೊಳ್ಳುತ್ತದೆ. ಗ್ರೋವರ್ ಕಂಪನಿಯ ‘ಲಾ ರಿಸರ್ವ್’ ನಂದಿ ಸೀಮೆಯಲ್ಲಿ ಹೆಸರು ಮಾಡಿದ್ದು ಇದೇ ಜೋಡಿಯ ಬ್ಲೆಂಡ್‌ನಿಂದ, ಅಂದರೆ ಮಿಶ್ರಣದಿಂದ. ಇಲ್ಲಿರುವುದು ಅಬಕಾರಿ ಪರವಾನಗಿ ಇರುವ ಸಣ್ಣ ವೈನರಿಯ ಲೆಕ್ಕ. ಎರಡನ್ನೂ ಒಂದೇ ಟ್ಯಾಂಕಿಗೆ ಸುರಿಯಬೇಡಿ. ಶಿರಾಜ್ ಮೊದಲು ಹಣ್ಣಾಗುತ್ತದೆ. ಕ್ಯಾಬರ್ನೆಗೆ ಕಾಯುತ್ತಾ ಕೂತರೆ ಶಿರಾಜ್ ಗಿಡದಲ್ಲೇ ಸುಕ್ಕಾಗುತ್ತದೆ.

ನಮ್ಮಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿಯಿಲ್ಲ, ಹಾಗಾಗಿ ವರ್ಷಕ್ಕೆ ಎರಡು ಚಾಟನಿ (ಬಳ್ಳಿ ಕತ್ತರಿಸುವುದು). ಏಪ್ರಿಲ್‌ನದು ಹೊಸ ಕಡ್ಡಿಗೆ, ಸೆಪ್ಟೆಂಬರ್–ಅಕ್ಟೋಬರ್‌ನದು ಹಣ್ಣಿಗೆ. ಎರಡನೆಯದರ ನಂತರ ಮಳೆ ಹಿಡಿದರೆ ಡೌನಿ ಎಂಬ ಶಿಲೀಂಧ್ರ ರೋಗದ ಕಾಟ, ಒಣಹವೆಗೆ ಬೂದಿ ರೋಗ. ಗೊಂಚಲಿನ ಸುತ್ತಲಿನ ಎಲೆ ತೆಗೆದು ಗಾಳಿಯಾಡುವಂತೆ ಮಾಡಿ, ಆದರೆ ಪಡುವಣ ಬಿಸಿಲಿನ ಕಡೆ ಎಲೆ ಉಳಿಸಿ. ಎಕರೆಗೆ 3–4 ಟನ್‌ಗಿಂತ ಹೆಚ್ಚು ಹೊರಿಸಿದರೆ ಬಣ್ಣ ತೆಳುವಾಗುತ್ತದೆ.

ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಲು. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 23–24 ಬಂತೆಂದು ಕತ್ತರಿ ಹಿಡಿಯಬೇಡಿ, ಬೀಜ ಜಗಿದು ನೋಡಿ. ಹಸಿರಾಗಿದ್ದು ನಾಲಿಗೆ ಒಗರಾದರೆ ಇನ್ನೂ ಕಾಯಿರಿ. ಕಂದಾಗಿ, ಹುರಿಗಡಲೆಯಂತೆ ಕರುಮ್ ಎಂದರೆ ಹಣ್ಣು ತಯಾರು. ಆತುರಪಟ್ಟು ಕೊಯ್ದ ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿ ವಾಸನೆ ಉಳಿದುಬಿಡುತ್ತದೆ, ಬ್ಲೆಂಡ್ ಮಾಡಿದರೂ ಮರೆಯಾಗದು.

ಬೆಳಗಿನ ತಂಪಿನಲ್ಲೇ ಕೊಯ್ದು, ತೊಟ್ಟು ಬೇರ್ಪಡಿಸಿ ಹಣ್ಣು ಒಡೆಯಿರಿ. 100 ಲೀಟರಿಗೆ 9 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ಕೆಡದಂತೆ ಕಾಯುವ ಸಲ್ಫೈಟ್ ಪುಡಿ) ಹಾಕಿ. ಮರುದಿನ 25 ಗ್ರಾಂ ಯೀಸ್ಟನ್ನು ಹತ್ತು ಪಟ್ಟು ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ನೆನೆಸಿ ಸೇರಿಸಿ. ನಮ್ಮ ಬಿಸಿಲಿಗೆ ಹುಳಿ ಬೇಗ ಇಳಿಯುವುದರಿಂದ ಪಿಎಚ್ (ಹುಳಿಯ ಅಳತೆ, ಹುಳಿ ಇಳಿದಷ್ಟೂ ಅಂಕಿ ಏರುತ್ತದೆ) 3.7 ದಾಟಿದ್ದರೆ ಟಾರ್ಟಾರಿಕ್ ಆಮ್ಲ ಬೇಕು. ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ.

ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆ ಮೂರು ಸಲ ಒತ್ತಿ ಮುಳುಗಿಸಿ. ಒಣಗಲು ಬಿಟ್ಟರೆ ವಿನಿಗರ್ ಆಗುತ್ತದೆ. ಶಾಖ 25–28 ಡಿಗ್ರಿಯಲ್ಲಿರಲಿ, 32 ದಾಟಿದರೆ ಯೀಸ್ಟ್ ಸೋತು ಸಕ್ಕರೆ ಉಳಿಯುವ ಅಪಾಯವಿದೆ. ಶಿರಾಜ್‌ನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂತೋ, ಅದು ಯೀಸ್ಟಿನ ಹಸಿವು: ಆರಂಭದಲ್ಲೇ 100 ಲೀಟರಿಗೆ 25 ಗ್ರಾಂ ಡಿಎಪಿ (ಯೀಸ್ಟಿಗೆ ಸಾರಜನಕ ಕೊಡುವ ಲವಣ) ಹಾಕಿ ಗಾಳಿಯಾಡಿಸಿ. 8–12 ದಿನಕ್ಕೆ ಹಿಂಡಿ. 100 ಕೆಜಿ ಹಣ್ಣಿಗೆ 60–70 ಲೀಟರ್ ಸಿಗುತ್ತದೆ. ಆಮೇಲೆ ಮ್ಯಾಲೋಲ್ಯಾಕ್ಟಿಕ್ ಹುದುಗು (ಬ್ಯಾಕ್ಟೀರಿಯಾ ಚೂಪಾದ ಹುಳಿಯನ್ನು ಮೆದುವಾಗಿಸುವ ಎರಡನೆಯ ಹಂತ) ಪೂರ್ತಿಯಾಗುವವರೆಗೆ ಸಲ್ಫೈಟ್ ಮುಟ್ಟಬೇಡಿ. ಒಂದು ಟ್ಯಾಂಕಿನಲ್ಲಿ ಅರೆಬರೆ ಉಳಿದರೂ ಬ್ಲೆಂಡ್ ಬಾಟಲಿಯೊಳಗೆ ಮತ್ತೆ ಬುರುಗು ಏಳುತ್ತದೆ.

ಇನ್ನು ಬ್ಲೆಂಡ್. ಓಕ್ ಮರದ ಪೀಪಾಯಿಯಲ್ಲಿ ಕೆಲ ತಿಂಗಳು ಕೂತ ಮೇಲೆ ಅಳತೆ ಸಿಲಿಂಡರ್ ಹಿಡಿದು 100 ಮಿಲಿಯಲ್ಲಿ 80:20, 70:30, 60:40 ಮಾಡಿ. ಕ್ಯಾಬರ್ನೆ ಮೊದಲ ಅಂಕಿ. ಚೀಟಿಯನ್ನು ಲೋಟದ ತಳಕ್ಕೆ ಅಂಟಿಸಿ, ಅನುಪಾತ ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ. ಮುಚ್ಚಿಟ್ಟು ಮರುದಿನ ಮತ್ತೆ ರುಚಿ ನೋಡಿ. ಮೊದಲ ದಿನ ಗೆದ್ದದ್ದು ಎಷ್ಟೋ ಸಲ ಮರುದಿನ ಸಪ್ಪೆ. ವಿನಿಗರ್ ಹಿಡಿದ ಟ್ಯಾಂಕನ್ನು ‘ಸ್ವಲ್ಪ’ ಬೆರೆಸಿ ಸರಿ ಮಾಡಬಹುದೆಂಬ ಆಸೆ ಬೇಡ, ಒಳ್ಳೆಯದೂ ಹಾಳಾಗುತ್ತದೆ.

ಬೆರೆಸಿದ ಮೇಲೆ ಪಿಎಚ್, ಸಲ್ಫೈಟ್ ಹೊಸದಾಗಿ ಅಳೆಯಿರಿ. ಮೂರ್ನಾಲ್ಕು ವಾರ ಬಿಟ್ಟು, ತಳದಲ್ಲಿ ಹರಳು ಕೂತಿದ್ದರೆ ತಿಳಿಯನ್ನು ಬಸಿದು, ಆಮೇಲೆ ಬಾಟಲಿಗೆ ಇಳಿಸಿ.