ಇಂಪ್ರೆಸಿವ್, ಇಂಪೋಸಿಂಗ್, ಫಾರ್ಮಿಡಬಲ್: ಈ ಪದಗಳನ್ನು ನಾನು ಕಲಿಸುವ ಬಗೆ

ಪದವಿ ತರಗತಿಗೆ ಇಂಗ್ಲಿಷ್ ಕಲಿಸುವಾಗ ಇಂಪ್ರೆಸಿವ್, ಇಂಪೋಸಿಂಗ್, ಮೆಜೆಸ್ಟಿಕ್, ಮ್ಯಾಗ್ನಿಫಿಸೆಂಟ್ ಎಂಬ ನಾಲ್ಕಕ್ಕೂ ವಿದ್ಯಾರ್ಥಿಗಳು ‘ಭವ್ಯ’ ಎಂಬ ಒಂದೇ ಅರ್ಥವನ್ನು ಬರೆದುಕೊಂಡು ಬರುತ್ತಿದ್ದರು. ಆದ್ದರಿಂದ ನಾನು ಅರ್ಥ ಹೇಳುವುದನ್ನು ಮುಂದಕ್ಕೆ ಹಾಕಿ, ಆ ವಿಶೇಷಣ ಯಾವ ನಾಮಪದದೊಂದಿಗೆ ಬರುತ್ತದೆ, ನೋಡುವವರಲ್ಲಿ ಯಾವ ಭಾವವನ್ನು ಹುಟ್ಟಿಸುತ್ತದೆ ಎಂಬ ಪ್ರಶ್ನೆಗಳಿಂದ ಪಾಠವನ್ನು ಆರಂಭಿಸತೊಡಗಿದೆ.

ಇಂಪ್ರೆಸಿವ್ ಎಂಬುದರಲ್ಲಿರುವುದು ಅಳೆದು ನೋಡಿದ ಮೆಚ್ಚುಗೆ. ಪರೀಕ್ಷೆಯ ಅಂಕಗಳಿಗೂ ಸೇತುವೆಗೂ ಅದು ಸಮನಾಗಿ ಸಲ್ಲುತ್ತದೆ. ಇಂಪೋಸಿಂಗ್ ಎನ್ನಲು ಮೆಚ್ಚುಗೆ ಇರಲೇಬೇಕೆಂದಿಲ್ಲ: ವಸ್ತುವಿನ ಗಾತ್ರ ಅಥವಾ ವ್ಯಕ್ತಿಯ ನಿಲುವು ನಮ್ಮನ್ನು ಚಿಕ್ಕವರನ್ನಾಗಿಸಿದರೆ ಸಾಕು, ಅಂಕಗಳಿಗೆ ಆ ಮಾತು ಒಪ್ಪುವುದಿಲ್ಲ. ಇದರ ಪಕ್ಕದಲ್ಲಿ ಫಾರ್ಮಿಡಬಲ್ ಪದವನ್ನಿಡಲು ನಾನು ಆರಿಸಿಕೊಂಡದ್ದು ಚಿತ್ರದುರ್ಗದ ಏಳುಸುತ್ತಿನ ಕೋಟೆ. ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡುವ ಪ್ರವಾಸಿಗೆ ಅದು ಇಂಪೋಸಿಂಗ್; 1779ರಲ್ಲಿ ವಶವಾಗುವ ಮುನ್ನ ಅದಕ್ಕೆ ಮುತ್ತಿಗೆ ಹಾಕಿ ಹೆಣಗಿದ ಹೈದರಾಲಿಯ ಸೈನ್ಯಕ್ಕೆ ಅದು ಫಾರ್ಮಿಡಬಲ್. ಭಯವೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದ, ಎದುರಿಸಬೇಕಾದವನ ಕಣ್ಣಿನಿಂದ ನೋಡಿ ಆಡುವ ಮಾತು. ಆದ್ದರಿಂದಲೇ ಅದು ಎದುರಾಳಿ, ಸವಾಲು, ಕಠಿಣ ಕಾರ್ಯಗಳ ಜೊತೆ ಹೆಚ್ಚಾಗಿ ಬರುತ್ತದೆ. ಕೋಟೆ ಒಂದೇ ಆಗಿದ್ದು ನೋಡುವವನ ಸ್ಥಾನ ಬದಲಾದೊಡನೆ ವಿಶೇಷಣವೂ ಬದಲಾಗುವುದನ್ನು ಕಂಡಾಗ ವಿದ್ಯಾರ್ಥಿಗಳಿಗೆ ಭೇದ ಮನದಟ್ಟಾಗುತ್ತದೆ.

ಮೆಜೆಸ್ಟಿಕ್ ಎಂದರೆ ರಾಜಗಾಂಭೀರ್ಯವುಳ್ಳದ್ದು. ಪರ್ವತಕ್ಕೂ ಆನೆಯ ನಡಿಗೆಗೂ ಅದು ತಕ್ಕದ್ದು. (ಬೆಂಗಳೂರಿನ ಮೆಜೆಸ್ಟಿಕ್‌ಗೆ ಆ ಹೆಸರು ಬಂದದ್ದು ಚಿತ್ರಮಂದಿರದಿಂದ.) ಮ್ಯಾಗ್ನಿಫಿಸೆಂಟ್ ತಾನೇ ತುತ್ತತುದಿಯ ಪದವಾದ್ದರಿಂದ ಅದಕ್ಕೆ ‘ವೆರಿ’ ಅಷ್ಟಾಗಿ ಒಗ್ಗುವುದಿಲ್ಲ, ‘ಆಬ್ಸಲ್ಯೂಟ್ಲಿ’ ಒಗ್ಗುತ್ತದೆ.

ಹಳೆಯ ಕಾವ್ಯವನ್ನು ಓದಿಸುವಾಗ ಮಾತ್ರ ಪದದ ಚರಿತ್ರೆಯನ್ನು ಹೇಳಲೇಬೇಕಾಗುತ್ತದೆ. ಆಸಮ್ ಮತ್ತು ಆಫುಲ್ ಎರಡೂ ಭಯಭಕ್ತಿ ಬೆರೆತ ಬೆರಗನ್ನು ಹೇಳುವ ‘ಆ’ (awe) ಎಂಬ ಒಂದೇ ಇಂಗ್ಲಿಷ್ ಪದದಿಂದ ಹುಟ್ಟಿದವು. ಇಂದು ಮೊದಲನೆಯದು ಹೊಗಳಿಕೆ, ಎರಡನೆಯದು ತೆಗಳಿಕೆ. ಟೆರಿಫಿಕ್ ಕೂಡ ಮೊದಲು ಭಯಂಕರ ಎಂಬ ಅರ್ಥದಲ್ಲೇ ಇತ್ತು. ಭವ್ಯತೆಯ ಮೂಲದಲ್ಲಿ ಭಯವಿದೆಯೆಂದು ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ವಾದಿಸಿದ್ದನ್ನು ಇಲ್ಲಿ ವಿವರಿಸಿದರೆ, ದೇವರನ್ನು ಆಫುಲ್ ಎಂದು ಕರೆಯುವ ಹಳೆಯ ಸಾಲುಗಳು ವಿದ್ಯಾರ್ಥಿಗಳನ್ನು ಗಲಿಬಿಲಿಗೊಳಿಸುವುದಿಲ್ಲ.

ಗ್ರಾಂಡಿಯೋಸ್ ಪದವನ್ನು ಕೊನೆಗೆ ಕಲಿಸುತ್ತೇನೆ. ಅದು ಗ್ರಾಂಡ್ ಪದದ ಹಿರಿಯ ರೂಪದಂತೆ ಕಂಡರೂ, ಯೋಜನೆಯೊಂದಕ್ಕೆ ಹಚ್ಚಿದಾಗ ಸಾಮಾನ್ಯವಾಗಿ ಆಡಂಬರದ ಆರೋಪವಾಗುತ್ತದೆ. ಹಾಗಾಗಿ ಪತ್ರಿಕೆಗಳ ಹಲವು ವಾಕ್ಯಗಳಲ್ಲಿ ಅದನ್ನು ಓದಿ ನೋಡುವವರೆಗೆ ಸ್ವಂತ ಬರವಣಿಗೆಯಲ್ಲಿ ಬಳಸಬಾರದೆಂದು ಹೇಳುತ್ತೇನೆ.